ಎರಡನೆಯ ಜ್ಞಾನಸ್ನಾನ

ಚೌರಪ್ಪ ಗುರುಗಳು ಆಶ್ರಮದ ಜಗಲಿಯ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿಚುಕುತ್ತಿದ್ದರು. ಇನ್ನಾಸಪ್ಪ ಬಂದ.

ಬಂದವನು ನೆಟ್ಟಗೆ ಒಳಗೆ ಬಂದನೇ? ಇಲ್ಲ. ದನದ ಕೊಟ್ಟಿಗೆಯ ಪಕ್ಕ ನಿಂತ. ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿಕೊಂಡ. ಹೊಳೆಯ ಕಡೆ ನೋಡಿದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಹೊಳೆ ಹರಿಯುತ್ತಿತ್ತು, ಅಷ್ಟೆ.

ಗುರುಗಳು ತಲೆ ಎತ್ತಲಿಲ್ಲ.

“ನೀನು ಬಿಸಿಲಲ್ಲಿ ನಿಂತರೆ ಈ ಕಾಳು ಹಿಚುಕುವವರು ಯಾರು?” ಅಂದರು.

ಆ ಧ್ವನಿ ಕೇಳಿದ್ದೇ ತಡ, ಇನ್ನಾಸಪ್ಪ ಮತ್ತೆ ಚಪ್ಪಲಿ ಬಿಟ್ಟ. ಇದೇ ಜಗಲಿಯಲ್ಲಿ ಅವರ ಶಿಷ್ಯನಾಗಿ ಬೆಳೆದವನು ಅವನು. ಅಕ್ಕನ ಮಗಳಿಗೆ ಜ್ವರ, ನೋಡಿಕೊಂಡು ಬರುತ್ತೇನೆ ಅಂತ ಹೋದವನು, ಎರಡು ಮಳೆಗಾಲ ಕಳೆದರೂ ಈ ಕಡೆ ತಲೆ ಹಾಕಿರಲಿಲ್ಲ. ಪೇಟೆಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಎಲ್ಲಿಗೆ ಹಾಳಾಗಿ ಹೋಗಿದ್ದೆ ಅಂತ ಗುರುಗಳು ಕೇಳಿದರೆ ಹೇಳುವುದಕ್ಕೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಅವರೆಕಾಳಿನ ವಿಷಯಕ್ಕೆ ಅವನ ಹತ್ತಿರ ಮಾತಿರಲಿಲ್ಲ.

ಬಂದು ಕೂತ. ಪಾತ್ರೆಗೆ ಕೈ ಹಾಕಿದ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

ಒಂದು ಹಿಡಿ ಮುಗಿದ ಮೇಲೆ ಬಾಯಿ ಬಿಟ್ಟ.

“ಗುರುಗಳೇ, ನನಗೆ ಜ್ಞಾನಸ್ನಾನ ಕೊಡಬೇಕು.”

“ನಿನಗೆ ಕೊಟ್ಟಾಗಿದೆ. ನಾನೇ ಕೊಟ್ಟದ್ದು. ಆಗ ನೀನು ಮೊಣಕೈ ಉದ್ದ ಇದ್ದೆ.”

“ಇನ್ನೊಂದು ಸಲ ಕೊಡಿ.”

ಗುರುಗಳ ಕೈ ನಿಂತಿತು. ಇದು ಯಾರೂ ಕೇಳುವ ಮಾತಲ್ಲ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಕೂಸಿನ ತಲೆಗೆ ನೀರು ಹುಯ್ದು, ಹೆಸರಿಟ್ಟು, ಇನ್ನು ಇದು ದೇವರ ಮಗು ಅಂದರೆ ಮುಗಿಯಿತು. ಜೀವಮಾನಕ್ಕೆ ಒಂದೇ ಸಲ. ಎರಡನೆಯದು ಅನ್ನುವ ಪದ್ಧತಿಯೇ ಇಲ್ಲ. ಇನ್ನಾಸಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆಶ್ರಮಕ್ಕೆ ಪಾಠಕ್ಕೆ ಬರುವ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದವನೇ ಅವನು.

“ಮೊದಲನೇದು ಏನಾಯ್ತು?” ಗುರುಗಳು ಕೇಳಿದರು.

“ಹೋಯ್ತು.”

“ಎಲ್ಲಿಗೆ?”

“ನಾನೇ ಕಳೆದೆ.”

ಆಮೇಲೆ ಹೇಳಿದ. ಅಕ್ಕ ಲೂರ್ದಮ್ಮನ ಮಗಳು ಪುಟ್ಟಿಗೆ ಜ್ವರ ಇಳಿಯಲೇ ಇಲ್ಲ. ಇನ್ನಾಸಪ್ಪ ಊಟ ಬಿಟ್ಟ. ಮೊಣಕಾಲು ಊದುವ ತನಕ ಪ್ರಾರ್ಥನೆ ಮಾಡಿದ. ಮಗುವನ್ನು ಉಳಿಸಿಕೊಡು, ಬೇಕಾದರೆ ನನ್ನನ್ನು ತಗೋ ಅಂದ. ದೇವರು ಅವನನ್ನು ತಗೊಳ್ಳಲಿಲ್ಲ. ಮಗು ಹೋಯಿತು.

ಮಣ್ಣು ಮಾಡಿ ಎಲ್ಲರೂ ಮನೆಗೆ ಹೋದ ಮೇಲೆ ಅವನೊಬ್ಬನೇ ಊರ ಕ್ರೈಸ್ತರ ಗುಡಿಗೆ ಹೋದ. ಒಳಗೆ ನರಪಿಳ್ಳೆ ಇರಲಿಲ್ಲ. ಮೂಲೆಯಲ್ಲಿ ಕಲ್ಲಿನ ತೊಟ್ಟಿ. ಊರಿನ ಕೂಸುಗಳಿಗೆಲ್ಲ ಅಲ್ಲೇ ಜ್ಞಾನಸ್ನಾನ. ಅವನಿಗೂ ಅಲ್ಲೇ ಆದದ್ದು. ಆ ತೊಟ್ಟಿಯ ಎದುರಿಗೆ ಹೋಗಿ ನಿಂತ.

“ಜ್ಞಾನಸ್ನಾನದಲ್ಲಿ, ಸೈತಾನನನ್ನು ತ್ಯಜಿಸುತ್ತೀಯಾ ಅಂತ ಕೇಳ್ತೀರಲ್ಲ ಗುರುಗಳೇ...”

“ಕೇಳ್ತೀವಿ.”

“ನಾನು ಆ ಮಾತನ್ನು ಎತ್ತಿ ದೇವರ ಮೇಲೆ ಹಾಕಿದೆ. ತಂದೆಯನ್ನು ತ್ಯಜಿಸುತ್ತೇನೆ ಅಂದೆ. ಮಗನನ್ನು ತ್ಯಜಿಸುತ್ತೇನೆ ಅಂದೆ. ಪವಿತ್ರಾತ್ಮನನ್ನು ತ್ಯಜಿಸುತ್ತೇನೆ ಅಂದೆ. ಎಲ್ಲಿ ಗಂಟು ಹಾಕಿದ್ದರೋ ಅಲ್ಲೇ ನಿಂತು ಬಿಚ್ಚಿದೆ.”

“ಮೆಲ್ಲಗೆ ಅಂದೆಯೋ, ಜೋರಾಗಿಯೋ?”

“ಗೋಡೆ ಅದುರುವ ಹಾಗೆ.”

“ಹೂಂ. ಆಮೇಲೆ?”

“ಆಮೇಲೆ ಏನೂ ಆಗಲಿಲ್ಲ. ಅದೇ ನನಗೆ ದಿಗಿಲು. ಒಂದು ಗುಡುಗಾದರೂ ಬೀಳಬೇಕಿತ್ತು. ಹೊರಗೆ ಬಂದೆ, ಬಿಸಿಲು ಹಾಗೇ ಇತ್ತು. ಯಾರೋ ಎಮ್ಮೆ ಹೊಡಕೊಂಡು ಹೋಗ್ತಿದ್ದರು. ಆಗ ತಿಳೀತು, ದೇವರು ನನ್ನನ್ನು ಬಿಟ್ಟು ಹೋದ ಅಂತ.”

“ಎಮ್ಮೆ ನೋಡಿ ತಿಳೀತೇ?”

“ಹಾಸ್ಯ ಮಾಡಬೇಡಿ ಗುರುಗಳೇ!” ಇನ್ನಾಸಪ್ಪನ ಕಣ್ಣು ಕೆಂಪಾಯಿತು.

ಗುರುಗಳು ಮಾಡಲಿಲ್ಲ. ಮತ್ತೊಂದು ಹಿಡಿ ಕಾಳು ಅವನ ಮುಂದೆ ಸುರಿದರು.

“ಎರಡು ಮಳೆಗಾಲ ಸುಮ್ಮನಿದ್ದವನು ಈಗ ಯಾಕೆ ಬಂದೆ?”

ಅಸಲು ವಿಷಯ ಆಗ ಹೊರಬಿತ್ತು. ಲೂರ್ದಮ್ಮನಿಗೆ ಈಗ ಗಂಡುಮಗು. ಬರುವ ಭಾನುವಾರ ಈ ಆಶ್ರಮದಲ್ಲೇ ಜ್ಞಾನಸ್ನಾನ ಅಂತ ಗೊತ್ತು ಮಾಡಿದ್ದಾಳೆ. ಕೂಸನ್ನು ಎತ್ತಿಕೊಂಡು ನಿಲ್ಲುವುದಕ್ಕೆ ಒಬ್ಬ ಜ್ಞಾನತಂದೆ ಬೇಕು. ಕೂಸಿನ ಪರವಾಗಿ ಮಾತು ಕೊಟ್ಟು, ಮುಂದೆ ಅದರ ನಂಬಿಕೆಗೆ ಆಸರೆಯಾಗಿ ನಿಲ್ಲುವವನು. ಅದು ಸೋದರಮಾವನೇ ಆಗಬೇಕು ಅಂತ ಅವಳ ಹಟ.

“ಬೇರೆ ಯಾರನ್ನಾದರೂ ನಿಲ್ಲಿಸು ಅಂದೆ. ಕೇಳಲಿಲ್ಲ. ಪುಟ್ಟಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನೀನು, ಇವನನ್ನೂ ನೀನೇ ಎತ್ತಿಕೋ, ಇಲ್ಲ ಅಂದರೆ ಇನ್ನು ನಮ್ಮ ಹೊಸ್ತಿಲು ತುಳೀಬೇಡ ಅಂದಳು. ನನಗಿರೋದು ಅದೊಂದೇ ಹೊಸ್ತಿಲು.”

“ಹಾಗಾದರೆ ಎತ್ತಿಕೋ.”

“ಹ್ಯಾಗೆ ಎತ್ತಿಕೊಳ್ಳಲಿ? ಜ್ಞಾನಸ್ನಾನ ಇಲ್ಲದವನು ಜ್ಞಾನತಂದೆ ಆಗೋ ಹಾಗಿಲ್ಲ. ಇದೆ ಅಂತ ಸುಳ್ಳು ಹೇಳಿ ನಿಂತರೆ ಅದು ಕೂಸಿಗೆ ತಟ್ಟುತ್ತೆ. ಒಂದು ಕೂಸು ಹೋಗಿದೆ ಗುರುಗಳೇ. ಒಂದು ಹೋಗಿದೆ.”

ಅವನ ಕೈಯಲ್ಲಿದ್ದ ಬೇಳೆ ಸಿಪ್ಪೆಯ ಕಡೆ ಬಿತ್ತು.

ಗುರುಗಳು ಎದ್ದು ಒಳಗೆ ಹೋದರು. ಒಂದು ಚಿಪ್ಪಿನಲ್ಲಿ ಸೀಗೆಪುಡಿ, ಒಂದು ಹಿಡಿ ತೆಂಗಿನ ನಾರು ತಂದು ಅವನ ಮುಂದಿಟ್ಟರು.

“ಸರಿ, ಕೊಡೋಣ. ಆದರೆ ಹಳೇದು ಮೈಮೇಲೆ ಒಂದು ತೊಟ್ಟೂ ಉಳಿದಿರಬಾರದು. ಹೊಳೆಗೆ ಹೋಗು. ಮೊದಲು ಅದನ್ನು ತೊಳಕೊಂಡು ಬಾ.”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಎದ್ದು ಹೋಗುತ್ತಿದ್ದರು. ಇನ್ನಾಸಪ್ಪ ಎರಡೂ ಮಾಡಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೂ ಸಾಕು ಅನ್ನುವ ಸ್ಥಿತಿ ಅವನದು. ಚಿಪ್ಪು ಎತ್ತಿಕೊಂಡು ನೆಟ್ಟಗೆ ಹೊಳೆಗೆ ಇಳಿದ.

ತಲೆಯಿಂದ ಶುರು ಮಾಡಿದ. ನೀರು ಹುಯ್ದದ್ದು ತಲೆಗೆ ತಾನೇ? ಸೀಗೆಪುಡಿ ಕಣ್ಣಿಗೆ ಹೋಗಿ ಉರಿಯಿತು. ಹಣೆ ತಿಕ್ಕಿದ. ಕಿವಿಯ ಹಿಂದೆ ತಿಕ್ಕಿದ. ಜ್ಞಾನಸ್ನಾನದ ದಿನ ಎಣ್ಣೆಯಲ್ಲಿ ಶಿಲುಬೆ ಗುರುತು ಹಾಕಿದ್ದ ಎದೆಯನ್ನು ಇನ್ನೂ ಬಿರುಸಾಗಿ ತಿಕ್ಕಿದ.

ಆಶ್ರಮದ ಅಡುಗೆಯ ಸಿಸಿಲಮ್ಮ ಪಾತ್ರೆ ತೊಳೆಯಲು ಬಂದವಳು ಸ್ವಲ್ಪ ಹೊತ್ತು ನೋಡಿದಳು.

“ಏನಪ್ಪಾ ಇನ್ನಾಸಪ್ಪ, ಅದು ಮೈಯೋ, ಸೀದ ಬಾಣಲೆಯೋ?”

“ನಿನ್ನ ಕೆಲಸ ನೋಡು ಸಿಸಿಲಮ್ಮ.”

“ನನ್ನ ಬಾಣಲೆ ಆಗಲೇ ಬೆಳ್ಳಗಾಯ್ತು,” ಅಂದು ಅವಳು ಹೊರಟುಹೋದಳು.

ಹೊತ್ತು ಇಳಿಯುವಾಗ ಅವನು ವಾಪಸು ಬಂದ. ಗುರುಗಳು ಅವನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಎಣ್ಣೆಸ್ನಾನ ಮಾಡಿಸಿದ ತಾಯಿ ನೋಡುವ ಹಾಗೆ ಕಿವಿಯ ಹಿಂದೆ ನೋಡಿದರು.

“ಹೋಯ್ತೇ?”

“ಗೊತ್ತಾಗ್ತಿಲ್ಲ.”

“ಯಾಕೆ?”

“ಅದು ಕಣ್ಣಿಗೆ ಕಾಣೋದಲ್ಲ.”

“ಕಣ್ಣಿಗೆ ಕಾಣದೇ ಇರೋದು ಅವತ್ತು ಹೋಯ್ತು ಅಂತ ಹ್ಯಾಗೆ ಗೊತ್ತಾಯ್ತು?”

ಇನ್ನಾಸಪ್ಪ ತಾನೇ ಒಂದು ಸಲ ಕಿವಿಯ ಹಿಂದೆ ಮುಟ್ಟಿ ನೋಡಿಕೊಂಡ.

“ನಾಳೆ ಇನ್ನೂ ಸ್ವಲ್ಪ ತಿಕ್ಕು,” ಅಂದು ಗುರುಗಳು ದನಗಳಿಗೆ ಹುಲ್ಲು ಹಾಕಲು ಹೋದರು.

ಮಾರನೆಯ ದಿನವೂ ಅವನು ಹೊಳೆಗೆ ಇಳಿದ. ನೀರಿನಲ್ಲಿ ನಿಂತು ತಿಕ್ಕುತ್ತಾ ತಿಕ್ಕುತ್ತಾ ಅವನಿಗೆ ಒಂದು ವಿಷಯ ತಿಳಿಯಿತು. ಇದು ಹೋಗಲಿ ಅಂತ ಅವನ ಕೈ ತಿಕ್ಕುತ್ತಿತ್ತು. ಇದು ಹೋಗದಿರಲಿ ಅಂತ ಒಳಗೆ ಏನೋ ಬೇಡಿಕೊಳ್ಳುತ್ತಿತ್ತು. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಅಂತ ಅವನು ಯೋಚಿಸಲಿಲ್ಲ. ಯೋಚಿಸಲು ಹೆದರಿಕೆಯಾಯಿತು.

ನಾರನ್ನು ಎಸೆದು ಮೇಲಕ್ಕೆ ಬಂದ. ಮೈಯೆಲ್ಲ ಕೆಂಪಡರಿತ್ತು. ಗುರುಗಳು ಆಶ್ರಮದ ಗುಡಿಯ ನೆಲ ಸಾರಿಸುತ್ತಿದ್ದರು.

“ನೀರಿನ ಮಾತು ಬಿಡಿ ಗುರುಗಳೇ,” ಅಂದ ಬಾಗಿಲಲ್ಲೇ ನಿಂತು. “ನೀರು ಇರಬಹುದು, ಹೋಗಿರಬಹುದು. ಆತ ಇರ್ತಾನೆಯೇ? ಅದು ಹೇಳಿ. ಕತ್ತು ಹಿಡಿದು ಆಚೆಗೆ ನೂಕಿದವರ ಮನೆಯಲ್ಲಿ ಯಾರು ಉಳೀತಾರೆ? ನೀವು ಉಳೀತೀರಾ? ನಾನು ಉಳೀತೀನಾ? ದೇವರಿಗೂ ಮಾನ ಅಂತ ಒಂದು ಇರಲ್ವೇ?”

“ಇಲ್ಲ.”

ಇನ್ನಾಸಪ್ಪ ಕಕ್ಕಾಬಿಕ್ಕಿಯಾದ.

ಗುರುಗಳು ಬಟ್ಟೆ ಹಿಂಡಿ, ಗೋಡೆಯ ಮೇಲಿದ್ದ ಶಿಲುಬೆಯ ಕಡೆ ಗಲ್ಲ ಎತ್ತಿದರು.

“ಮಾನ ನೋಡಿಕೊಳ್ಳುವವನಾಗಿದ್ದರೆ ಊರವರ ಮುಂದೆ ಹೀಗೆ ಬರೀ ಮೈಯಲ್ಲಿ ನೇತಾಡುತ್ತಿದ್ದನೇನೋ? ನಿಂತವರೆಲ್ಲ ಉಗಿದರು. ತಾಕತ್ತಿದ್ದರೆ ಇಳಿದು ಬಾ ಅಂದರು. ಆತ ಇಳಿಯಲಿಲ್ಲ.”

“ಆತ ಕ್ಷಮಿಸಿದ್ದು ಅವರನ್ನು. ತಾವು ಏನು ಮಾಡ್ತಿದ್ದೀವಿ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಎಲ್ಲಾ ಗೊತ್ತಿದ್ದು ಮಾಡಿದೆ.”

“ಅಬ್ಬಬ್ಬಾ! ಲೋಕದ ಪಾಪವೆಲ್ಲ ಒಂದು ತೂಕ, ನಿನ್ನದೇ ಒಂದು ತೂಕ. ಅಲ್ಲವೇನೋ?”

“ನಾನು ಹಾಗೆ ಹೇಳಲಿಲ್ಲ.”

“ಹಾಗೇ ಹೇಳಿದೆ. ಪರವಾಗಿಲ್ಲ, ಆ ಕಡೆ ಸರಿ, ಒದ್ದೆ ನೆಲ ತುಳೀತಿದ್ದೀಯ.”

ಇನ್ನಾಸಪ್ಪ ಸರಿದ. ಆದರೆ ಬಿಡಲಿಲ್ಲ.

“ಹಾಗಾದರೆ ನೀವು ಇನ್ನೊಂದು ಸಲ ಕೊಡೋದಿಲ್ಲ.”

“ಇಲ್ಲ.”

“ಕೊಡ್ತೀನಿ ಅಂದಿರಿ.”

“ಹಳೇದು ಹೋದರೆ ಕೊಡ್ತೀನಿ ಅಂದೆ. ಎರಡು ದಿನ ತಿಕ್ಕಿದೆ. ಹೋಗಿದೆ ಅಂತ ನಿನ್ನ ಬಾಯಿಂದಲೇ ಬರಲಿಲ್ಲ.”

“ನನ್ನ ಮನಸ್ಸಿನ ಸಮಾಧಾನಕ್ಕಾದರೂ ಕೊಡಿ ಗುರುಗಳೇ! ಒಂದು ಚೊಂಬು ನೀರು. ನಿಮ್ಮ ಗಂಟೇನು ಹೋಗುತ್ತೆ?”

ಗುರುಗಳು ಸಾರಿಸುವುದನ್ನು ನಿಲ್ಲಿಸಿ ನೆಲದ ಮೇಲೇ ಕೂತರು. ಮುದುಕರು, ಸೊಂಟ ಹಿಡಿದಿತ್ತು.

“ನಿನ್ನ ತಲೆಗೆ ನೀರು ಹುಯ್ದಾಗ ಆತ ಒಂದು ಮಾತು ಹೇಳಿದ. ನೀನು ನನ್ನವನು ಅಂದ. ನಾನು ಎರಡನೇ ಸಲ ಹುಯ್ದರೆ, ಮೊದಲನೇ ಸಲ ಆತ ಹೇಳಿದ್ದು ಸುಳ್ಳು ಅಂತಾಯ್ತು. ಆತನನ್ನು ಸುಳ್ಳುಗಾರ ಮಾಡೋ ಕೆಲಸ ನನ್ನ ಕೈಲಾಗೋದಿಲ್ಲ.”

ಇನ್ನಾಸಪ್ಪ ಅಲ್ಲಿ ನಿಲ್ಲಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ಮಾತು ಚೆನ್ನಾಗಿದೆ, ಒಪ್ಪೋಣ. ಮಾತಿನಿಂದ ಅವನ ಹೆದರಿಕೆ ಹೋಗಬೇಕಲ್ಲ? ಊರ ಗುಡಿಯಲ್ಲಿ ಅರಚಿದ ಆ ಮಧ್ಯಾಹ್ನ ಅವನ ಕಿವಿಯಲ್ಲಿ ಹಾಗೇ ಕೂತಿತ್ತು. ಅಂಥವನು ಕೂಸನ್ನು ಎತ್ತಿಕೊಂಡು ನಿಂತು, ಇವನ ನಂಬಿಕೆಗೆ ನಾನು ಆಸರೆ ಅನ್ನಬೇಕೇ? ಯಾವ ಮುಖ ಇಟ್ಟುಕೊಂಡು?

ಭಾನುವಾರ ಬೆಳಗಾಗುತ್ತಲೇ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡ. ಅಕ್ಕ ಬರುವುದರೊಳಗೆ ಜಾಗ ಖಾಲಿ ಮಾಡಬೇಕು ಅಂತ ಅವನ ಯೋಚನೆ. ಹೊಸ್ತಿಲು ಹೋದರೆ ಹೋಗಲಿ, ಕೂಸು ಚೆನ್ನಾಗಿರಲಿ.

ಬೇಲಿ ದಾಟುವಾಗ ಎದುರಿಗೆ ಆಟೋ ಬಂದು ನಿಂತಿತು. ಲೂರ್ದಮ್ಮ ಇಳಿದಳು. ಹಿಂದೆ ಅವಳ ಗಂಡ ಮೋಂಬತ್ತಿ, ಹೂವು, ಟಿಫನ್ ಕ್ಯಾರಿಯರು ಹಿಡಿದುಕೊಂಡು ಇಳಿದ.

ಅವಳು ತಮ್ಮನ ಹೆಗಲ ಮೇಲಿನ ಚೀಲ ನೋಡಿದಳು. ಮುಖ ನೋಡಿದಳು. ಕೂಸನ್ನು ಅವನ ತೋಳಿಗೆ ಹಾಕಿದಳು.

“ಹಿಡ್ಕೋ. ದಾರಿಯುದ್ದಕ್ಕೂ ಹೊತ್ತು ನನ್ನ ಕೈ ಬಿದ್ದುಹೋಗಿದೆ.”

ಕೂಸನ್ನು ಹಿಡಿದುಕೊಂಡವನು ಎಲ್ಲಿಗೆ ಓಡಿಹೋಗುತ್ತಾನೆ? ಅವಳ ಹಿಂದೆ ಗುಡಿಗೆ ನಡೆದ. ಕೂಸು ನಿದ್ದೆ ಮಾಡುತ್ತಿತ್ತು. ಅದರ ಮೂಗು ಥೇಟ್ ಪುಟ್ಟಿಯ ಮೂಗು. ಇನ್ನಾಸಪ್ಪ ಬೇರೆ ಕಡೆ ನೋಡುತ್ತಾ ನಡೆದ.

ಗುಡಿಯಲ್ಲಿ ಮಣ್ಣಿನ ಹರಿವಾಣದಲ್ಲಿ ಹೊಳೆಯ ನೀರು ಇಟ್ಟಿತ್ತು. ಚೌರಪ್ಪ ಗುರುಗಳು ಕಾವಿಯ ಮೇಲೆ ಬಿಳಿ ಶಾಲು ಹೊದ್ದು ನಿಂತಿದ್ದರು. ಇನ್ನಾಸಪ್ಪನ ಮುಖವನ್ನು ಅವರು ವಿಶೇಷವಾಗಿ ನೋಡಲಿಲ್ಲ.

“ಸೈತಾನನನ್ನು ತ್ಯಜಿಸುತ್ತೀರಾ?”

“ತ್ಯಜಿಸುತ್ತೇನೆ,” ಅಂದಳು ಲೂರ್ದಮ್ಮ.

“ತ್ಯಜಿಸುತ್ತೇನೆ,” ಅಂದ ಅವಳ ಗಂಡ.

ಇನ್ನಾಸಪ್ಪನ ನಾಲಿಗೆ ಹೊರಳಲಿಲ್ಲ. ಗುರುಗಳು ಕಾದರು. ಲೂರ್ದಮ್ಮ ತಮ್ಮನ ಕಡೆ ತಿರುಗಿದಳು.

“ಹೇಳೋ,” ಅಂದಳು ಮೆಲ್ಲಗೆ.

“ಆಗಲ್ಲ ಅಕ್ಕಾ. ಈ ಮಾತು ನನ್ನ ಬಾಯಲ್ಲಿ ಎಂಜಲಾಗಿದೆ. ಪುಟ್ಟಿಯನ್ನು ಮಣ್ಣು ಮಾಡಿದ ದಿನ ನಾನು ಇದನ್ನು ದೇವರಿಗೆ ಹೇಳಿಬಿಟ್ಟೆ. ನಿನ್ನನ್ನು ತ್ಯಜಿಸುತ್ತೇನೆ ಅಂದುಬಿಟ್ಟೆ. ನಾನು ನಿನ್ನ ಕೂಸನ್ನು ಮುಟ್ಟಬಾರದಿತ್ತು. ತಗೋ ಇದನ್ನ.”

ಅವನು ಕೂಸನ್ನು ಮುಂದಕ್ಕೆ ಚಾಚಿದ. ಲೂರ್ದಮ್ಮ ಕೈ ನೀಡಲಿಲ್ಲ. ಅವಳ ಮುಖದ ಬಣ್ಣ ಹೋಗಿತ್ತು. ಪುಟ್ಟಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

“ನೀನು ಒಂದು ದಿನ ಅಂದೆ,” ಅಂದಳು ಕೊನೆಗೆ. “ನಾನು ಒಲೆ ಮುಂದೆ ಕೂತು ದಿನಾ ಅಂದಿದ್ದೀನಿ. ಹಾಳಾಗಿ ಹೋಗು ಅಂದಿದ್ದೀನಿ ಆತನಿಗೆ. ನಿನ್ನ ಮಗನನ್ನು ಸಾಯಿಸಿದ್ದು ಸಾಲದು ಅಂತ ನನ್ನ ಮಗಳನ್ನೂ ತಿಂದೆಯಾ ಅಂದಿದ್ದೀನಿ.”

ಸೆರಗಿನಿಂದ ಮೂಗು ಒರೆಸಿಕೊಂಡಳು.

“ಕೂಸು ಜಾರ್ತಿದೆ. ನೆಟ್ಟಗೆ ಹಿಡ್ಕೋ.”

ಇನ್ನಾಸಪ್ಪ ಗುರುಗಳ ಕಡೆ ನೋಡಿದ. ಈಗಲಾದರೂ ಅವರು ನಿಲ್ಲಿಸುತ್ತಾರೆ ಅಂದುಕೊಂಡ.

“ನಿನ್ನ ಉತ್ತರ ಆಮೇಲೆ ಹೇಳುವೆಯಂತೆ,” ಅಂದರು ಗುರುಗಳು. “ಹತ್ತಿರ ಬಾ.”

ಬಂದ. ಬಗ್ಗಿ ಕೂಸಿನ ತಲೆಯನ್ನು ಹರಿವಾಣದ ಮೇಲೆ ಹಿಡಿದ. ಗುರುಗಳು ಬೊಗಸೆಯಲ್ಲಿ ನೀರು ತೆಗೆದರು. ಬೆಳಗಿನ ಹೊಳೆ ನೀರು, ಮಂಜಿನಂತೆ ತಣ್ಣಗಿತ್ತು. ಒಂದು ಹನಿ ಕೂಸಿನ ಹಣೆಗೆ ಬಿತ್ತು.

ಕೂಸು ಎಚ್ಚರವಾಯಿತು. ಎಚ್ಚರವಾದದ್ದೇ ರಂಪ ಹಿಡಿಯಿತು. ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ಬೆನ್ನು ಬಿಲ್ಲಾಗಿಸಿ ಹಿಂದಕ್ಕೆ ಸೆಟೆಯಿತು. ಕಾಲಿನಿಂದ ಇನ್ನಾಸಪ್ಪನ ಎದೆಗೆ ಒದೆಯಿತು. ಇಷ್ಟು ಸಣ್ಣ ಮೈಯಲ್ಲಿ ಅಷ್ಟು ರೋಷ ಎಲ್ಲಿತ್ತೋ!

ಗುರುಗಳ ಬೊಗಸೆ ಮೇಲೆಯೇ ನಿಂತಿತು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇವನು ಬೇಡ ಅಂತಿದ್ದಾನೆ,” ಅಂದರು.

ಲೂರ್ದಮ್ಮ ಗಂಡನ ಮುಖ ನೋಡಿದಳು.

“ಇನ್ನಾಸಪ್ಪ, ನಿನ್ನನ್ನೇ ಕೇಳ್ತಿರೋದು. ಇಷ್ಟು ಜೋರಾಗಿ ಬೇಡ ಅಂತಿದ್ದಾನೆ. ಒದೀತಿದ್ದಾನೆ. ಬಿಟ್ಟುಬಿಡೋಣವೇ?”

“ಏನು ಮಾತು ಅಂತ ಆಡ್ತೀರಿ ಗುರುಗಳೇ!” ಇನ್ನಾಸಪ್ಪ ರೇಗಿದ. ಕೂಸು ಒದ್ದಷ್ಟೂ ಅವನು ಅದನ್ನು ಬಿಗಿಯಾಗಿ ಅವಚಿಕೊಂಡ. “ಕೂಸು ಬೇಡ ಅಂತ ಅತ್ತರೆ ಯಾರಾದರೂ ಕೈ ಬಿಡ್ತಾರೆಯೇ? ಅದು ಎಷ್ಟಾದರೂ ಒದೀಲಿ, ನಾನು ಹಿಡಕೊಂಡಿದ್ದೀನಿ. ನೀವು ಹುಯ್ಯಿರಿ.”

ಗುರುಗಳು ಕೂಸಿನ ಹೆಸರು ಹಿಡಿದು ಹುಯ್ದರು.

“ಅಂತಪ್ಪ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.”

ಕೂಸು ಇನ್ನೂ ಜೋರಾಗಿ ಅತ್ತಿತು. ನೀರು ಅದರ ತಲೆಯಿಂದ ಇಳಿದು ಇನ್ನಾಸಪ್ಪನ ತೋಳನ್ನು ಒದ್ದೆ ಮಾಡಿತು. ಅವನು ಅಲುಗಾಡದೆ ಹಿಡಿದುಕೊಂಡಿದ್ದ.

ಗುರುಗಳು ಶಾಲಿನ ಅಂಚಿನಿಂದ ಕೂಸಿನ ತಲೆ ಒರೆಸಿದರು. ಒರೆಸುತ್ತಾ, ಅವನೊಬ್ಬನಿಗೆ ಕೇಳಿಸುವಷ್ಟು ಮೆಲ್ಲಗೆ ಅಂದರು:

“ಕೈ ಬಿಡಬಾರದು ಅಂತ ನಿನಗೇ ಗೊತ್ತಿದೆ. ಆತನಿಗೆ ಗೊತ್ತಿರಲಿಲ್ಲ ಅಂದುಕೊಂಡೆಯೇನೋ?”